ಪೀಸ್‌ಪ್ಯಾಕ್ ಸೆಟ್‌ನಲ್ಲಿ ಚೌಕಾಬಾರ ಆಡಬಹುದೇ? ಕವಡೆ ಬದಲು ದಾಳ ಹಾಕಿದರೆ ಸಾಕೇ? ನಿಯಮ ಬರೆದು ಹಂಚುವಾಗ ಏನು ನೋಡಿಕೊಳ್ಳಬೇಕು?

ಆಡಬಹುದು, ಹೊರಗಿನ ಸಾಮಾನು ಒಂದೂ ಬೇಡ. ಆದರೆ ದಾಳ ಬೇಡ, ನಾಣ್ಯ ಬಳಸಿ.

ಗೊತ್ತಿಲ್ಲದವರಿಗೆ: ಪೀಸ್‌ಪ್ಯಾಕ್ ಅಂದರೆ ಇಸ್ಪೀಟ್ ಕಟ್ಟಿನ ಹಾಗೆ ನೂರೆಂಟು ಆಟಕ್ಕೆ ಆಗುವ ಒಂದೇ ಸೆಟ್. ಅಮೆರಿಕದ ಜೇಮ್ಸ್ ಕೈಲ್ 2000ರ ಸುಮಾರಿಗೆ ರೂಪಿಸಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟದ್ದು. ಸೂರ್ಯ, ಚಂದ್ರ, ಕಿರೀಟ, ಲಾಂಛನ ಎಂಬ ನಾಲ್ಕು ಗುಂಪು. 24 ಚೌಕ ಬಿಲ್ಲೆ, 24 ನಾಣ್ಯ, 4 ದಾಳ, 4 ಕಾಯಿ. ಬೆಲೆಗಳು ಖಾಲಿ, ಎಕ್ಕ, 2, 3, 4, 5.

ಮೊದಲ ತೊಡಕು ಮಣೆಯದು. ಬಿಲ್ಲೆಯ ಹಿಂಬದಿಯ ಗೆರೆ ಅದನ್ನು ನಾಲ್ಕು ಮನೆ ಮಾಡುತ್ತದೆ, ಹಾಗಾಗಿ ಎಷ್ಟು ಜೋಡಿಸಿದರೂ ಸರಿಸಂಖ್ಯೆಯೇ: 6×6, 8×8. ನಮಗೆ ಬೇಕಿರುವುದು 5×5. ಇಡೀ ಬಿಲ್ಲೆಯನ್ನೇ ಒಂದು ಮನೆ ಎಂದುಕೊಳ್ಳಿ. 25 ಮನೆಗೆ ಇರುವುದು 24 ಬಿಲ್ಲೆ. ನಡುವಿನ ಜಾಗ ಖಾಲಿ ಬಿಡಿ, ಅದೇ ಹಣ್ಣಾಗುವ ಮನೆ! ನಾಲ್ಕು ಎಕ್ಕಗಳನ್ನು ನಾಲ್ಕು ಬದಿಯ ನಡುವೆ ಮುಖ ಮೇಲಾಗಿ ಇಟ್ಟರೆ ಅವೇ ಕಟ್ಟೆಗಳು, ಅಂದರೆ ಕಾಯಿಯನ್ನು ಕಡಿಯಲಾಗದ ಮನೆಗಳು. ಉಳಿದ 20 ಬೋರಲು. ಬೋರಲು ಬಿಲ್ಲೆಯ ಅಡ್ಡ-ಉದ್ದ ಗೆರೆ ನೋಡಿ ಹೊಸಬರು ಅದನ್ನೂ ಕಟ್ಟೆ ಅಂದುಕೊಳ್ಳುತ್ತಾರೆ. "ಗೆರೆ ಲೆಕ್ಕಕ್ಕಿಲ್ಲ" ಎಂದು ಮೊದಲ ಸಾಲಿನಲ್ಲೇ ಬರೆಯಿರಿ.

ಒಂದೊಂದು ಗುಂಪಿಗೆ 6 ನಾಣ್ಯ. ಅದರಲ್ಲಿ ನಾಲ್ಕು ಆಟದ ಕಾಯಿಗಳಾಗುತ್ತವೆ, ಎಲ್ಲ ಗುಂಪು ಸೇರಿ ಮಿಕ್ಕ 8ರಲ್ಲಿ ನಾಲ್ಕೇ ಕವಡೆ. ಲೋಟದಲ್ಲಿ ಕುಲುಕಿ ಸುರಿಯಿರಿ. ಗುಂಪಿನ ಚಿತ್ರ ಮೇಲೆ ಬಂದಷ್ಟು ಗರ: ನಾಲ್ಕೂ ಬಂದರೆ ಚೌಕ, ಒಂದೂ ಬರದಿದ್ದರೆ 8, ಅದೇ ಬಾರ. ದಾಳದಲ್ಲಿ ಖಾಲಿ ಮುಖ ಆರರಲ್ಲಿ ಒಂದೇ, ಆದ್ದರಿಂದ ಖಾಲಿ-ತುಂಬಿದ ಎಂದು ಎಣಿಸಿದರೆ ಬಾರ ಬೀಳುವುದೇ ಅಪರೂಪ, ಚೌಕ ಮಾತ್ರ ಅತಿಯಾಗಿ ಬೀಳುತ್ತದೆ. ನಾಣ್ಯದಲ್ಲಿ ಎರಡೂ ಹದಿನಾರಕ್ಕೊಂದು. ಹಾಗಿದ್ದೂ ಕಾಯಿ ಇಳಿಸಲು ಚೌಕ ಅಥವಾ ಬಾರವೇ ಬೇಕೆಂದರೆ ಸರಾಸರಿ ಎಂಟು ಸರದಿ ಕಾಯಬೇಕು, ಆಟ ಸಾಯುತ್ತದೆ. ಗರ ಒಂದು ಬಿದ್ದರೂ ಇಳಿಸಲು ಬಿಡಿ. ಹದಿನಾರರಲ್ಲಿ ಆರು ಸಲ ದಾರಿ ತೆರೆಯುತ್ತದೆ.

ಎಲ್ಲರೂ ಎಡವುವುದು ಇಲ್ಲಿ: ನಾಣ್ಯದ ಬೆಲೆಯ ಬದಿಯಲ್ಲಿ ಗುಂಪಿನ ಗುರುತಿಲ್ಲ. "ಕಾಯಿ ಕಡಿದವರು ನಾಣ್ಯ ಮಗುಚಲಿ" ಎಂಬ ನಿಯಮ ಇಟ್ಟಿರೋ, ಯಾರ ಕಾಯಿ ಯಾವುದೆಂದೇ ತಿಳಿಯುವುದಿಲ್ಲ. ಕಡಿದದ್ದರ ಗುರುತಿಗೆ ಸೆಟ್‌ನ ನಾಲ್ಕು ಕಾಯಿಗಳಿವೆ. ಕಡಿದವರು ತಮ್ಮ ಬಣ್ಣದ್ದನ್ನು ಮಣೆಯ ಪಕ್ಕ ನಿಲ್ಲಿಸಲಿ. ದಾಳ ಡಬ್ಬಿಯಲ್ಲೇ ಇರಲಿ, ಎಲ್ಲವನ್ನೂ ಬಳಸಲೇಬೇಕೆಂದೇನಿಲ್ಲ.

ಸೆಟ್ ಇಲ್ಲದವರು ರಟ್ಟಿನಲ್ಲಿ 2 ಇಂಚಿನ ಬಿಲ್ಲೆ ಕತ್ತರಿಸಿಕೊಳ್ಳಬಹುದು. ನಾಣ್ಯಕ್ಕೆ ಈಗಿನ ಒಂದು ರೂಪಾಯಿ ಇಟ್ಟು ಸುತ್ತ ಗೀಚಿ. ಒಂದು ಇಂಚು ಮೀರಿದರೆ ಕಟ್ಟೆಯಲ್ಲಿ ನಾಲ್ಕು ಕಾಯಿ ಹಿಡಿಯುವುದಿಲ್ಲ.

ನಿಯಮದ ಹಾಳೆ ಒಂದೇ ಪುಟ ಇರಲಿ, ಜೋಡಣೆಯ ಚಿತ್ರದ ಸಮೇತ. ಬಣ್ಣದ ಹೆಸರು ಬೇಡ, ಗುಂಪಿನ ಹೆಸರು ಬರೆಯಿರಿ. ಬಣ್ಣ ಸೆಟ್‌ನಿಂದ ಸೆಟ್‌ಗೆ ಬದಲಾಗುತ್ತದೆ. ಕಡಿಯದೆ ಒಳಸುತ್ತಿಗೆ ಹೋಗಬಹುದೇ, ಜೋಡಿ ಕಾಯಿಗೆ ರಕ್ಷಣೆ ಉಂಟೇ, ಚೌಕ-ಬಾರಕ್ಕೆ ಇನ್ನೊಂದು ಗರ ಇದೆಯೇ: ಇವು ಮನೆಮನೆಗೂ ಬೇರೆ, ಒಂದನ್ನೂ "ಗೊತ್ತಿರುವುದೇ" ಎಂದು ಬಿಡಬೇಡಿ. ಹಾಳೆಯನ್ನು ಚೌಕಾಬಾರ ಆಡದ ಇಬ್ಬರ ಕೈಗೆ ಕೊಟ್ಟು ಬಾಯಿ ಮುಚ್ಚಿ ಕೂತಿರಿ. ಅವರು ನಿಮ್ಮ ಮುಖ ನೋಡಿದ ಕಡೆಯೆಲ್ಲ ಒಂದು ವಾಕ್ಯ ಕಡಿಮೆಯಿದೆ ಎಂದರ್ಥ.

ಆಟದ ಉಪಾಯಕ್ಕೆ ಕಾಪಿರೈಟ್ ಇಲ್ಲ, ನೀವು ಬರೆದ ಮಾತಿಗೆ ಮತ್ತು ಚಿತ್ರಕ್ಕೆ ಇದೆ. ಬೇರೆಯವರು ಅನುವಾದಿಸಿ, ತಿದ್ದಿ ಹಂಚಲಿ ಎಂದಿದ್ದರೆ ಹಾಳೆಯ ಕೊನೆಗೆ ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ 4.0 (ಬರೆದವರ ಹೆಸರು ಹೇಳಿ ಇದೇ ಷರತ್ತಿನಲ್ಲಿ ಹಂಚಬಹುದೆಂಬ ಪರವಾನಗಿ) ಎಂದು ಹಾಕಿ, ಜೊತೆಗೆ ತಾರೀಖು ಮತ್ತು ಆವೃತ್ತಿ ಸಂಖ್ಯೆಯನ್ನೂ.