ಮಗ ಶಾಲೆಯಲ್ಲಿ ಬಾಯಿ ಬಿಡುತ್ತಿಲ್ಲ ಅಂದ ವಿಜಯಪುರದ ತಂಗಿಗೆ

ತಂಗಿ, ನೀವು ಬರೆದದ್ದನ್ನು ನಿನ್ನೆ ರಾತ್ರಿ ಎರಡು ಸಲ ಓದಿದೆ. ವಿಜಯಪುರ ಬಿಟ್ಟು ಟೊರಾಂಟೊ ಪಕ್ಕಕ್ಕೆ ಬಂದು ಎರಡು ತಿಂಗಳು, ಯಜಮಾನರಿಗೆ ಇನ್ನೂ ಕೆಲಸ ಸಿಕ್ಕಿಲ್ಲ, ಎಂಟು ವರ್ಷದ ಮಗ ಶಾಲೆಯಲ್ಲಿ ಒಂದು ಮಾತೂ ಆಡುತ್ತಿಲ್ಲ, ಸೋಮವಾರ ಬಂದರೆ ಹೊಟ್ಟೆನೋವು, ರಾತ್ರಿ ಹಾಸಿಗೆ ಒದ್ದೆ, "ಆಯಿ ಕಡೆ ಹೋಗೂಣು ನಡಿ" ಅಂತ ಅಜ್ಜಿಯನ್ನು ನೆನೆದು ಅಳು. ಬಂದು ತಪ್ಪು ಮಾಡಿದೆವಾ ಅಂತ ಕೇಳಿದ್ದೀರಿ. ಬಾಡಿಗೆ, ಚಳಿ, ಕೆಲಸದ ವಿಷಯವೂ ಕೇಳಿದ್ದೀರಿ. ಬಾಡಿಗೆ ಜಾಸ್ತಿ, ಚಳಿ ಅಭ್ಯಾಸವಾಗುತ್ತದೆ, ಕೆಲಸಕ್ಕೆ ಟೈಮ್ ಹಿಡಿಯುತ್ತದೆ. ಅದನ್ನೆಲ್ಲ ಇನ್ನೊಂದು ದಿನ ಮಾತಾಡೋಣ. ಮೊದಲು ಹುಡುಗನ ವಿಷಯ.

(ನೀವು ಅಕ್ಕಾ ಅಂದಿರಿ, ಅದಕ್ಕೆ ನಾನು ತಂಗಿ ಅಂದೆ. ಆದರೂ ನೀವು ಅನ್ನೋದನ್ನ ಬಿಡುವುದಿಲ್ಲ. ಕೂಸಿಗೂ ರೀ ಹಚ್ಚುವ ಮಂದಿ ಅಲ್ವಾ ನಾವು.)

ನಾನು ಬಾಗಲಕೋಟೆಯವಳು, ಹಳೇ ಊರಿನವಳು. ಆಲಮಟ್ಟಿ ಹಿನ್ನೀರಿಗೆ ನಮ್ಮ ಓಣಿ ಮುಳುಗಡೆ ಲೆಕ್ಕಕ್ಕೆ ಬಂದಾಗ ನಾನು ಐದನೇ ಕ್ಲಾಸು. ಮನೆಯಲ್ಲಿ ಮೂರು ಹೊತ್ತೂ ಅದೇ ಮಾತು. ಪರಿಹಾರ ಎಷ್ಟು, ಪ್ಲಾಟ್ ಎಲ್ಲಿ, ಯಾವ ಸೆಕ್ಟರ್. ಮಕ್ಕಳಿಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಒಂದು ದಿನ ಟ್ರ್ಯಾಕ್ಟರ್ ಬಂತು, ಬಾಗಿಲನ್ನು ಚೌಕಟ್ಟು ಸಮೇತ ಕಿತ್ತು ಹೇರಿದರು, ನವನಗರಕ್ಕೆ ಹೋದೆವು. ದೂರ ಅಂದರೆ ಆಟೋದಲ್ಲಿ ಹೋಗಿ ಬರುವಷ್ಟು, ಅಷ್ಟೇ. ನನಗೆ ಮಾತ್ರ ಅದು ಬೇರೆ ದೇಶ. ಹಳೇ ಓಣಿಯಲ್ಲಿ ಕಟ್ಟೆ ಮೇಲೆ ಕೂತರೆ ಹೋಗಿ ಬರುವವರೆಲ್ಲ ಮಾತಾಡಿಸುತ್ತಿದ್ದರು, ಹೊಸ ಕಡೆ ಅಗಲ ರಸ್ತೆ, ನಂಬರ್ ಹಾಕಿದ ಸೆಕ್ಟರು, ನೆರಳಿಗೆ ಒಂದು ಗಿಡ ಇಲ್ಲ. ನನ್ನ ಜೋಡಿ ಲಗೋರಿ ಆಡುತ್ತಿದ್ದ ಹುಡುಗಿ ಬೇರೆ ಸೆಕ್ಟರಿಗೆ ಹೋದಳು. ನಾನು ಉಗುರು ಕಚ್ಚಿ ಕಚ್ಚಿ ರಕ್ತ ಬರಿಸಿಕೊಳ್ಳುತ್ತಿದ್ದೆ. ಅವ್ವ ಬೆರಳಿಗೆ ಬೇವಿನ ಎಣ್ಣೆ ಹಚ್ಚಿದಳು. ಯಾಕೆ ಕಚ್ಚುತ್ತೀ ಅಂತ ಯಾರೂ ಕೇಳಲಿಲ್ಲ. ಅವರನ್ನು ಬೈಯುವುದಿಲ್ಲ, ಅವರಿಗೇ ಅಳಲು ಪುರಸೊತ್ತು ಇರಲಿಲ್ಲ.

ಇಷ್ಟು ಗೊತ್ತಿದ್ದೂ ನನ್ನ ಮಗನಿಗೆ ನಾನು ಮಾಡಿದ್ದೂ ಅದನ್ನೇ ನೋಡಿ. 2016ರ ನವೆಂಬರಿನಲ್ಲಿ ಬಂದೆವು, ಅವನಿಗೆ ಆರು ವರ್ಷ. ಅತ್ತರೆ "ಅಳಬ್ಯಾಡ, ದೊಡ್ಡಾಂವ ಆಗಿದಿ" ಅನ್ನುತ್ತಿದ್ದೆ, ಬಾಯಿಗೆ ಒಂದು ಚಾಕಲೇಟ್ ಇಡುತ್ತಿದ್ದೆ, ಫೋನ್ ಕೊಡುತ್ತಿದ್ದೆ. ಹದಿನೈದು ದಿನಕ್ಕೆ ಅಳು ನಿಂತಿತು. ಹುಡುಗ ಹೊಂದಿಕೊಂಡ ಅಂತ ಊರಿಗೆ ಫೋನ್ ಮಾಡಿ ಹೇಳಿದ್ದೇ ಹೇಳಿದ್ದು. ಆಮೇಲೆ ಒಂದು ದಿನ ಗೊತ್ತಾಯಿತು, ಬಾತ್‌ರೂಮಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳುತ್ತಿದ್ದ.

ಅದಕ್ಕೇ ಹೇಳುತ್ತೇನೆ, ಹುಡುಗ ಬೇಗ ನಗಲಿ ಅಂತ ಅವಸರ ಮಾಡಬೇಡಿ. ನಿಮ್ಮ ಮುಂದೆ ಅಳುತ್ತಿದ್ದಾನೆ ಅಂದರೆ ನಿಮ್ಮ ಸ್ಥಿತಿ ನನಗಿಂತ ಚೆನ್ನಾಗಿದೆ.

ಮಾತಾಡುತ್ತಿಲ್ಲ ಅನ್ನುವುದಕ್ಕೆ ಅಷ್ಟು ಗಾಬರಿ ಬೇಡ. ಹೊಸ ಭಾಷೆಯ ನಡುವೆ ಬಿದ್ದ ಮಕ್ಕಳು ಕೆಲವು ವಾರ, ಕೆಲವರು ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ. ಕಿವಿ ಕೆಲಸ ಮಾಡುತ್ತಲೇ ಇರುತ್ತದೆ. ಟೊರಾಂಟೊ ಯೂನಿವರ್ಸಿಟಿಯ ಜಿಮ್ ಕಮಿನ್ಸ್ ಅನ್ನುವವರು ವಲಸೆ ಬಂದ ಮಕ್ಕಳ ಭಾಷೆಯ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿದವರು. ಆಟದ ಬಯಲಿನ ಇಂಗ್ಲಿಷ್ ಹಿಡಿಯಲು ಸುಮಾರು 2 ವರ್ಷ, ಪಾಠದ ಇಂಗ್ಲಿಷಿನಲ್ಲಿ ಓರಗೆಯವರ ಸಮಕ್ಕೆ ಬರಲು 5ರಿಂದ 7 ವರ್ಷ ಬೇಕು ಅಂತ ಅವರ ಲೆಕ್ಕ. ನಿಮ್ಮದು ಎರಡು ತಿಂಗಳು. ಅವನಿಗೆ ಬೇಗ ಬರಲಿ ಅಂತ ಮನೆಯಲ್ಲೂ ಇಂಗ್ಲಿಷ್ ಶುರು ಮಾಡಿದ್ದೇವೆ ಅಂದಿದ್ದೀರಿ. ದಯವಿಟ್ಟು ಬಿಡಿ. ಇಡೀ ದಿನ ಬರದ ಭಾಷೆಯಲ್ಲಿ ಬೆವರಿ ಬಂದವನಿಗೆ ಮನೆಯಲ್ಲೂ ಅದೇ ಅಂದರೆ ಅವನು ಎಲ್ಲಿ ಕಾಲು ಚಾಚಬೇಕು? ಮನೆಯಲ್ಲಿ ನಮ್ಮ ಮಾತೇ ಇರಲಿ. ಸಿಟ್ಟು ಬಂದರೆ ವಿಜಯಪುರದ ಬೈಗುಳವೇ ಬೈಯಲಿ.

ಇನ್ನು ಚಳಿಗಾಲ ಬರುತ್ತಿದೆ, ಒಂದು ಸಣ್ಣ ವಿಷಯ ಹೇಳುತ್ತೇನೆ, ನಗಬೇಡಿ. ಚೈನು ಹಾಕುವುದನ್ನು ಕಲಿಸಿ. ಇಲ್ಲಿ ಮೈನಸ್ ಹತ್ತು ಇದ್ದರೂ ರಿಸೆಸ್‌ಗೆ ಮಕ್ಕಳನ್ನು ಹೊರಗೆ ಬಿಡುತ್ತಾರೆ. ನನ್ನ ಮಗ ಮೊದಲು ಗ್ಲೌಸ್ ಹಾಕಿಕೊಳ್ಳುತ್ತಿದ್ದ, ಆಮೇಲೆ ಆ ದಪ್ಪ ಕೈಯಲ್ಲಿ ಜಾಕೆಟ್ ಚೈನು ಎಳೆಯಲು ಬರುತ್ತಿರಲಿಲ್ಲ, ಮತ್ತೆ ಗ್ಲೌಸ್ ತೆಗೆಯುವುದು, ಬೂಟು ಹಾಕಿದ ಮೇಲೆ ಸ್ನೋ ಪ್ಯಾಂಟ್ ನೆನಪಾಗುವುದು. ಹದಿನೈದು ನಿಮಿಷದ ಬಿಡುವಿನಲ್ಲಿ ಎಂಟು ನಿಮಿಷ ಅಲ್ಲೇ ಹೋಗುತ್ತಿತ್ತು. ಹೊರಗೆ ಬರುವ ಹೊತ್ತಿಗೆ ಎಲ್ಲರೂ ಗುಂಪಾಗಿ ಆಟ ಶುರು ಮಾಡಿರುತ್ತಿದ್ದರು, ಇವನು ಗೋಡೆ ಪಕ್ಕ. ಗೆಳೆಯರಿಲ್ಲ ಗೆಳೆಯರಿಲ್ಲ ಅಂತ ನಾವು ಕೊರಗಿದ್ದು, ತಡೆದದ್ದು ಒಂದು ಚೈನು. ಟೀಚರ್ ಹೇಳಿದ ಮೇಲೆ ಮನೆಯಲ್ಲಿ ಮೊಬೈಲ್ ಟೈಮರ್ ಇಟ್ಟು ರೇಸ್ ಮಾಡಿದೆವು. ಸ್ನೋ ಪ್ಯಾಂಟ್, ಬೂಟು, ಜಾಕೆಟ್, ಟೊಪ್ಪಿಗೆ, ಕೊನೆಗೆ ಗ್ಲೌಸ್. ಅಪ್ಪ ಬೇಕೆಂದೇ ಸೋಲುತ್ತಿದ್ದರು. ಒಂದು ವಾರ ಸಾಕಾಯಿತು. ಗ್ಲೌಸ್ ಎರಡು ಜೊತೆ ತಗೊಳ್ಳಿ, ಒಂದು ಖಂಡಿತ ಕಳೆಯುತ್ತದೆ.

ಆಟಕ್ಕೆ ಸೇರುವುದೂ ಹಾಗೆ ಕಲಿಸಬೇಕಾದದ್ದೇ. "ಹೋಗಿ ಕೇಳು, ಕ್ಯಾನ್ ಐ ಪ್ಲೇ ಅನ್ನು" ಅಂತ ನಾವು ಕಳಿಸುತ್ತೇವೆ. ಹಾಗೆ ಕೇಳಿದರೆ ಮಕ್ಕಳಿಗೆ "ನೋ" ಅನ್ನುವುದು ಸುಲಭ. ನಮ್ಮ ಓಣಿಯಲ್ಲಿ ಯಾರಾದರೂ ಕೇಳಿ ಆಟಕ್ಕೆ ಬರುತ್ತಿದ್ದರಾ? ಪಕ್ಕದಲ್ಲಿ ನಿಂತು ನೋಡುತ್ತಿದ್ದರು, ಚೆಂಡು ದೂರ ಹೋದರೆ ಓಡಿ ತಂದುಕೊಡುತ್ತಿದ್ದರು, ನಾಲ್ಕನೇ ಸಲಕ್ಕೆ ಆಟದೊಳಗೇ ಇರುತ್ತಿದ್ದರು. ಅದನ್ನೇ ಹೇಳಿಕೊಡಿ. ಎರಡು ನಿಮಿಷ ನೋಡು, ಆಟ ಏನು ಅಂತ ತಿಳಿ, ಅವರಿಗೆ ಉಪಯೋಗ ಆಗುವ ಒಂದು ಕೆಲಸ ಮಾಡು. ಹಿಮದ ಕೋಟೆ ಕಟ್ಟುತ್ತಿದ್ದರೆ ಹಿಮ ಹೊತ್ತು ತಂದುಹಾಕು, ಇಂಗ್ಲಿಷೇ ಬೇಡ. ಹಾಗೇ ಯಾರಾದರೂ ಕಾಡಿದರೆ "ಸ್ಟಾಪ್, ಐ ಡೋಂಟ್ ಲೈಕ್ ಇಟ್" ಅಂತ ದೊಡ್ಡ ದನಿಯಲ್ಲಿ ಹೇಳಿ, ಡ್ಯೂಟಿಯಲ್ಲಿರುವ ಟೀಚರ್ ಕಡೆ ನಡೆಯುವುದು. ನಮ್ಮ ಮಕ್ಕಳು ಅದನ್ನು ಚಾಡಿ ಅಂದುಕೊಂಡು ಸುಮ್ಮನಿರುತ್ತಾರೆ. ಚಾಡಿ ಬೇರೆ, ಸಹಾಯ ಕೇಳುವುದು ಬೇರೆ ಅಂತ ಬಿಡಿಸಿ ಹೇಳಬೇಕು. ನಮ್ಮ ಮನೆಯಲ್ಲಿ ಯಜಮಾನರು ಮೊಂಡ ಹುಡುಗನ ಪಾತ್ರ ಮಾಡುತ್ತಿದ್ದರು, ಮಗ ಸೋಫಾ ಮೇಲೆ ನಿಂತು "ಸ್ಟಾಪ್" ಅಂತ ಕೂಗುತ್ತಿದ್ದ. ಕೆಳಗಿನ ಮನೆಯವರು ಒಂದು ಸಲ ಬಂದು ಕೇಳಿದ್ದೂ ಆಯಿತು.

ಶೇಂಗಾದ ಕಥೆಯೊಂದು ಹೇಳಲೇಬೇಕು. ಮೊದಲ ಸಂಕ್ರಾಂತಿಯ ಹೊತ್ತು. ಹಬ್ಬ ಅಂತ ಡಬ್ಬಿಗೆ ಎರಡು ಶೇಂಗಾ ಹೋಳಿಗೆ ಹಾಕಿ ಕಳಿಸಿದೆ. ಮಧ್ಯಾಹ್ನ ಶಾಲೆಯಿಂದ ಫೋನ್. ಅವನ ಕ್ಲಾಸಿನಲ್ಲಿ ಒಬ್ಬ ಹುಡುಗಿಗೆ ಶೇಂಗಾ ಅಲರ್ಜಿ, ಅದು ಜೀವಕ್ಕೇ ಅಪಾಯ. ಇಲ್ಲಿ ಒಂಟಾರಿಯೊದಲ್ಲಿ 2006ರಿಂದ ಸಬ್ರೀನಾ ಕಾನೂನು ಅಂತ ಇದೆ, ಇಂಥ ಮಕ್ಕಳನ್ನು ಕಾಯಲು ಪ್ರತಿ ಶಾಲಾ ಮಂಡಳಿ ಒಂದು ನಿಯಮ ಇಟ್ಟುಕೊಳ್ಳಲೇಬೇಕು. ಎಷ್ಟೋ ಶಾಲೆಗಳು ಶೇಂಗಾ ತರಬೇಡಿ ಅನ್ನುತ್ತವೆ. ಆ ಚೀಟಿ ಅವನ ಬ್ಯಾಗಿನಲ್ಲೇ ಇತ್ತು, ನಾನು ಓದಿರಲಿಲ್ಲ. ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ವಾಪಸ್ ಕೊಟ್ಟರು, ಯಾರೂ ಬೈಯಲಿಲ್ಲ. ಆದರೆ ಹುಡುಗ ಮನೆಗೆ ಬಂದವನೇ ಕೈ ತೊಳೆದ, ಮತ್ತೆ ತೊಳೆದ, ಊಟಕ್ಕೆ ಮುಂಚೆ ಮತ್ತೆ, ಮಲಗುವಾಗ ಮತ್ತೆ. ನಾನು ಸಿಡುಕಿದೆ. ಆಗ ಕೇಳಿದ, "ಯವ್ವಾ, ಆ ಹುಡುಗಿ ನನ್ನಿಂದ ಸಾಯ್ತಿದ್ಳೇನು?"

ನಾಲ್ಕು ಗಂಟೆಯಿಂದ ಒಂಬತ್ತು ಗಂಟೆ ತನಕ ಆ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ. ಅವತ್ತು ನಾನು ಸಮಾಧಾನ ಹೇಳಲಿಲ್ಲ, ಪಕ್ಕದಲ್ಲಿ ಮಲಗಿ "ಹೆಂಗ ಆಗಾಕತ್ತೈತಿ?" ಅಂತ ಕೇಳಿದೆ. "ಎದಿ ಢವ ಢವ, ಹೊಟ್ಟ್ಯಾಗ ಕಲಸಿದಂಗ" ಅಂದ. ಅದು ಅಂಜಿಕೆ, ಜೋಡಿಗೆ ನಾಚಿಕೆಯೂ ಇದೆ ಅಂತ ಹೆಸರು ಹೇಳಿದೆ. ಚೀಟಿ ಓದದೇ ಇದ್ದದ್ದು ನನ್ನ ತಪ್ಪು, ನಿನ್ನದಲ್ಲ ಅಂದೆ. ಮಾರನೇ ದಿನ ಇಬ್ಬರೂ ಸೇರಿ ಆ ಹುಡುಗಿಗೆ ಕ್ಷಮೆ ಕೇಳುವ ಒಂದು ಕಾರ್ಡ್ ಬರೆದೆವು, ಅವನು ಗಾಳಿಪಟದ ಚಿತ್ರ ಬಿಡಿಸಿದ. ಆ ಹುಡುಗಿಯೇ ಅವನ ಮೊದಲ ಗೆಳತಿಯಾದಳು, ಇಬ್ಬರೂ ಈಗ ಒಂದೇ ಹೈಸ್ಕೂಲು.

ಅಂದಿನಿಂದ ನಮ್ಮ ಮನೆಯಲ್ಲಿ ಮಲಗುವ ಮುಂಚೆ ಹತ್ತು ನಿಮಿಷ ಅದೇ ಕೆಲಸ. ಇವತ್ತು ಹೆಂಗಿತ್ತು ಅಂತ ಕೇಳಿದರೆ "ಛಲೋ" ಅಂದು ಮುಗಿಸುತ್ತಾರೆ. ಯಾವಾಗ ಬ್ಯಾಸರ ಆಯಿತು, ಯಾವಾಗ ಸಿಟ್ಟು ಬಂತು, ಊಟಕ್ಕೆ ಯಾರ ಪಕ್ಕ ಕೂತೆ ಅಂತ ಕೇಳಿ. ನನ್ನದೂ ಒಂದು ಹೇಳುತ್ತಿದ್ದೆ, ಬಸ್ ತಪ್ಪಿ ಅಳು ಬಂದದ್ದು, ಅಂಗಡಿಯಲ್ಲಿ ನನ್ನ ಇಂಗ್ಲಿಷ್ ಅರ್ಥವಾಗದೇ ಮೂರು ಸಲ ಹೇಳಿಸಿದ್ದು. ಇಲ್ಲಿ ಎಷ್ಟೋ ಶಾಲೆಗಳಲ್ಲಿ ಇದನ್ನು ಬಣ್ಣದಲ್ಲಿ ಹೇಳಿಕೊಡುತ್ತಾರೆ. ಸುಸ್ತು, ಬೇಸರ ಇದ್ದರೆ ನೀಲಿ, ಸಮಾಧಾನ ಇದ್ದರೆ ಹಸಿರು, ಕಳವಳಕ್ಕೆ ಹಳದಿ, ಸಿಟ್ಟು ಕೈ ಮೀರಿದರೆ ಕೆಂಪು. ನಿಮ್ಮ ಮಗ ಒಂದು ದಿನ ಬಂದು ನಾನು ಯೆಲ್ಲೋದಲ್ಲಿದ್ದೇನೆ ಅಂದರೆ ಗಾಬರಿಯಾಗಬೇಡಿ. ಎದೆ ಹೊಡೆದುಕೊಳ್ಳುವಾಗ ಬಸಿಯಲ್ಲಿ ಬಿಸಿ ಚಹಾ ಹಾಕಿ ಊದಿದಂಗೆ ನಿಧಾನ ಊದು ಅಂತ ಹೇಳಿಕೊಡಿ. ಮುತ್ಯಾನನ್ನು ನೋಡಿದ ಮಕ್ಕಳಿಗೆ ಅದು ಥಟ್ಟನೆ ಬರುತ್ತದೆ. ಉಸಿರು ಉದ್ದ ಬಿಟ್ಟರೆ ಎದೆ ತಾನೇ ತಣ್ಣಗಾಗುತ್ತದೆ. ಸಿಟ್ಟು ಬಂದಾಗ ಕಲಿಸಲು ಹೋಗಬೇಡಿ, ಸುಮ್ನೆ ಕೂತಾಗ ಆಟದ ಹಾಗೆ ಮಾಡಿಸಿ.

ಯಜಮಾನರ ಕೆಲಸದ ವಿಷಯ ಮಗನಿಗೆ ಗೊತ್ತಾಗದ ಹಾಗೆ ರಾತ್ರಿ ಪಿಸುಮಾತಿನಲ್ಲಿ ಮಾತಾಡುತ್ತೇವೆ ಅಂದಿದ್ದೀರಿ. ಅವನಿಗೆ ಗೊತ್ತಿದೆ. ಒಂದು ರೂಮಿನ ಮನೆಯಲ್ಲಿ ಪಿಸುಮಾತೇ ದೊಡ್ಡದಾಗಿ ಕೇಳಿಸುವುದು. ಅವನ ತಲೆಯಲ್ಲಿ ಅದು ಎಷ್ಟು ದೊಡ್ಡದಾಗಿದೆಯೋ ಯಾರಿಗೆ ಗೊತ್ತು. ಅವನ ಅಳತೆಗೆ ಹೇಳಿಬಿಡಿ: "ಅಪ್ಪಗ ಇನ್ನೂ ಕೆಲಸ ಸಿಕ್ಕಿಲ್ಲ, ಹುಡುಕಾಕತ್ತಾರ. ಅದು ದೊಡ್ಡವರ ಕೆಲಸ. ಊಟ, ಶಾಲಿ, ಮನಿ ಎಲ್ಲಾ ನಡೀತೈತಿ." ಆಮೇಲೆ ಅವನಿಗೂ ಒಂದು ಕೆಲಸ ಕೊಡಿ, ತಟ್ಟೆ ಇಡುವುದು, ಬೆಳಿಗ್ಗೆ ಹೊರಗೆ ಎಷ್ಟು ಚಳಿ ಅಂತ ನೋಡಿ ಎಲ್ಲರಿಗೂ ಹೇಳುವುದು.

ಆಯಿಗೆ ರಾತ್ರಿ ಫೋನ್ ಮಾಡಬೇಡಿ, ಅತ್ತು ಮಲಗಿದರೆ ನಿದ್ದೆ ಕೆಡುತ್ತದೆ. ಚಳಿಗಾಲದಲ್ಲಿ ಇಲ್ಲಿ ಬೆಳಿಗ್ಗೆ 7 ಅಂದರೆ ಅಲ್ಲಿ ಸಂಜೆ ಐದೂವರೆ. ಅದೇ ಒಳ್ಳೇ ಹೊತ್ತು. "ಯಾವಾಗ ಬರ್ತೀಯೋ ನನ್ನಪ್ಪಾ" ಅಂತ ಕಣ್ಣೀರು ಹಾಕಬೇಡಿ ಅಂತ ಆಯಿಗೆ ನೀವೇ ಹೇಳಿ, ಬೇಜಾರಾದರೂ ಆಗಲಿ. ನಮ್ಮ ಅತ್ತೆ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ರೊಟ್ಟಿ ಬಡಿಯುತ್ತಿದ್ದರು. ಇಲ್ಲಿ ಇವನು ಆ ಟಪಟಪ ಕೇಳುತ್ತಾ ಹಾಲು ಕುಡಿಯುತ್ತಿದ್ದ. ಎಷ್ಟೋ ದಿನ ಇಬ್ಬರೂ ಒಂದು ಮಾತೂ ಆಡುತ್ತಿರಲಿಲ್ಲ.

ಶಾಲೆಯಲ್ಲಿ ಸೆಟ್ಲ್‌ಮೆಂಟ್ ವರ್ಕರ್ ಇದ್ದಾರಾ ಅಂತ ಆಫೀಸಿನಲ್ಲಿ ಕೇಳಿ. ಹೊಸದಾಗಿ ಬಂದವರಿಗಾಗಿಯೇ ಇರುವವರು, ದುಡ್ಡು ಕೊಡಬೇಕಿಲ್ಲ, ಟೀಚರ್ ಜೊತೆ ಮಾತಿಗೂ ಕೂರುತ್ತಾರೆ. ಟೀಚರಿಗೆ ಒಂದು ವಿಷಯ ನೀವೇ ಹೇಳಿ: ನಮ್ಮಲ್ಲಿ ದೊಡ್ಡವರು ಮಾತಾಡುವಾಗ ಮಕ್ಕಳು ತಲೆ ತಗ್ಗಿಸುತ್ತಾರೆ, ಅದು ಮರ್ಯಾದೆ. ಇಲ್ಲಿ ಅದನ್ನು ಕೇಳಿಸಿಕೊಳ್ಳುತ್ತಿಲ್ಲ ಅಂತ ತಿಳಿಯುತ್ತಾರೆ. ರಿಪೋರ್ಟ್ ಕಾರ್ಡ್ ಬಂದಾಗ ಗಣಿತಕ್ಕೆ ಹಾರಬೇಡಿ. ಅದರಲ್ಲಿ ಜವಾಬ್ದಾರಿ, ಕೂಡಿ ಕೆಲಸ ಮಾಡುವುದು, ತನ್ನನ್ನು ತಾನು ಹಿಡಿತದಲ್ಲಿಡುವುದು ಅಂತ ಆರು ವಿಷಯಕ್ಕೆ ಬೇರೆಯೇ ಗ್ರೇಡ್ ಇರುತ್ತದೆ. ಈ ವರ್ಷ ಅದನ್ನಷ್ಟೇ ಓದಿ.

ಹಾಸಿಗೆ ಒದ್ದೆಗೆ ಬೈಯಬೇಡಿ, ಆಯಿಗೂ ಹೇಳಬೇಡಿ, ಅವನ ಮಾನದ ಪ್ರಶ್ನೆ. ಮೂತ್ರಕ್ಕೆ ಹೋದಾಗ ಉರಿ ಇದ್ದರೆ, ಬಾಯಾರಿಕೆ ಜಾಸ್ತಿ ಇದ್ದರೆ, ಇಲ್ಲವೇ ವಾರಗಟ್ಟಲೆ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ. ಮನೆಯಲ್ಲೂ ಮಾತು ನಿಂತರೆ, ಊಟ ಬಿಟ್ಟರೆ, ಬದುಕಬಾರದು ಅನ್ನುವಂಥ ಮಾತಾಡಿದರೆ ಕಾಯಬೇಡಿ. ಮಕ್ಕಳೇ ಫೋನ್ ಮಾಡಬಹುದಾದ ಕಿಡ್ಸ್ ಹೆಲ್ಪ್ ಫೋನ್ ಇದೆ, 1-800-668-6868, ಹಗಲೂ ರಾತ್ರಿ. ಸಾಯುವ ಯೋಚನೆ ಬಂದಾಗ ಫೋನ್ ಮಾಡಲು ದೊಡ್ಡವರಿಗೂ ಸೇರಿ 988 ಇದೆ. ನಂಬರ್ ಫ್ರಿಜ್ ಮೇಲೆ ಅಂಟಿಸಿ.

ತಪ್ಪು ಮಾಡಿದೆವಾ ಅಂತ ಕೇಳಿದಿರಿ. ಎರಡು ತಿಂಗಳಿಗೆ ಅದನ್ನು ಯಾರೂ ಹೇಳಲಾರರು. ನನಗೆ ಎರಡು ವರ್ಷಕ್ಕೂ ಗೊತ್ತಾಗಿರಲಿಲ್ಲ. ನೀವು ಮಾತ್ರ ದಿನಾ ಒಂದು ಸಲ ಮನೆಯಿಂದ ಹೊರಗೆ ಬನ್ನಿ, ಲೈಬ್ರರಿಗಾದರೂ ಹೋಗಿ. ಕಾರ್ಡ್ ಫ್ರೀ, ಒಳಗೆ ಬೆಚ್ಚಗಿರುತ್ತದೆ, ಮಗನನ್ನೂ ಕರಕೊಂಡು ಹೋಗಬಹುದು.

ಮತ್ತೆ ಡಬ್ಬಿಗೆ ಶೇಂಗಾ ಹಿಂಡಿ ಹಾಕಬೇಡಿ. ಎಳ್ಳೂ ಇಲ್ಲಿನ ಅಲರ್ಜಿ ಪಟ್ಟಿಯಲ್ಲಿದೆ, ಅದನ್ನೂ ಕೇಳಿ ಹಾಕಿ. ನಾನು ಗುರೆಳ್ಳು, ಅಗಸಿ ಹಿಂಡಿಗೆ ಇಳಿದೆ. ಈ ಬೇಸಿಗೆಯಲ್ಲಿ ಊರಿಂದ ತಂದ ಗುರೆಳ್ಳು ಅರ್ಧ ಕೇಜಿ ಹಾಗೇ ಇದೆ, ನಾನು ಮಿಸ್ಸಿಸ್ಸಾಗಾದಲ್ಲಿದ್ದೇನೆ, ನಿಮ್ಮ ಮನೆ ಯಾವ ಕಡೆ ಹೇಳಿ.