ಹೆರಿಗೆಯಾಯಿತು, ಖುಷಿ ಮಾತ್ರ ಬರಲಿಲ್ಲ

ಪ್ರಶ್ನೆ: ಮಗುವಿಗೆ ಈಗ ಎರಡು ತಿಂಗಳು. ಹೆರಿಗೆ ಸಲೀಸಾಗಿ ಆಯಿತು, ಮನೆಯವರೆಲ್ಲ ಖುಷಿಯಾಗಿದ್ದಾರೆ. ನನಗೆ ಮಾತ್ರ ಏನೂ ಅನ್ನಿಸುತ್ತಿಲ್ಲ. ಮಗು ಮಲಗಿದರೂ ನನಗೆ ನಿದ್ದೆ ಬರುವುದಿಲ್ಲ. ಮೆಟ್ಟಿಲು ಇಳಿಯುವಾಗ ಮಗು ನನ್ನ ಕೈಯಿಂದ ಬಿದ್ದ ಹಾಗೆ ಕಣ್ಣ ಮುಂದೆ ಬಂದು ಮೈ ನಡುಗುತ್ತದೆ. ಹೇಳಿದರೆ ಹುಚ್ಚಿ ಅನ್ನುತ್ತಾರೆ ಎಂದು ಸುಮ್ಮನಿದ್ದೇನೆ. ನಾನು ಕೆಟ್ಟ ತಾಯಿಯೇ?

ಉತ್ತರ: ಅಲ್ಲ, ಖಂಡಿತ ಅಲ್ಲ. ನಿಮ್ಮ ಕೊನೆಯ ಸಾಲಿಗೇ ಮೊದಲು ಉತ್ತರ ಕೊಡುತ್ತಿದ್ದೇನೆ, ಯಾಕೆಂದರೆ ಆ ಒಂದು ಪ್ರಶ್ನೆ ಇಟ್ಟುಕೊಂಡು ನೀವು ಎಷ್ಟು ರಾತ್ರಿ ಒಬ್ಬರೇ ಎದ್ದು ಕೂತಿದ್ದೀರೋ.

ಮಗುವಿಗೆ ಏನಾದರೂ ಆಗಿಬಿಟ್ಟರೆ, ಅದೂ ನನ್ನ ಕೈಯಿಂದಲೇ ಆಗಿಬಿಟ್ಟರೆ ಎನ್ನುವ ಯೋಚನೆ ಹೊಸ ತಾಯಂದಿರಲ್ಲಿ ತುಂಬಾ ಜನರಿಗೆ ಬರುತ್ತದೆ, ಬಾಯಿಬಿಟ್ಟು ಹೇಳುವವರು ಕಡಿಮೆ ಅಷ್ಟೇ. ಬೇಡ ಅಂದರೂ ಬರುತ್ತದೆ. ನಿಮಗೆ ಹಾಗೆ ಮಾಡುವ ಮನಸ್ಸಿಲ್ಲ ಅಂತಲೇ ಮೈ ನಡುಗುತ್ತಿರುವುದು, ಅಲ್ವಾ? ಖಿನ್ನತೆ, ಆತಂಕ ಇದ್ದಾಗ ಇಂಥ ಯೋಚನೆ ಜಾಸ್ತಿಯಾಗುತ್ತದೆ, ಚಿಕಿತ್ಸೆ ಸಿಕ್ಕರೆ ಕಡಿಮೆಯಾಗುತ್ತದೆ.

ಹೆರಿಗೆಯಾದ ಎರಡು ಮೂರು ದಿನಕ್ಕೆ ಸುಮ್ನೆ ಅಳು ಬರುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಆಗುವಂಥದ್ದು. ಎರಡು ವಾರದೊಳಗೆ ತಾನಾಗೇ ಹೋಗುತ್ತದೆ. ನಿಮ್ಮದು ಎರಡು ತಿಂಗಳಾದರೂ ಹೋಗಿಲ್ಲ, ಜೊತೆಗೆ ಮಗು ಮಲಗಿದಾಗಲೂ ನಿದ್ದೆ ಇಲ್ಲ. ಇದು ಬಾಣಂತಿ ಖಿನ್ನತೆ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಹೆರಿಗೆಯಾದ ಹೆಂಗಸರಲ್ಲಿ ಶೇ. 13ರಷ್ಟು ಜನರಿಗೆ ಮನಸ್ಸಿನ ಕಾಯಿಲೆ ಕಾಡುತ್ತದೆ, ಅದರಲ್ಲಿ ಹೆಚ್ಚಿನದು ಖಿನ್ನತೆಯೇ. ಹೆರಿಗೆಯಾದ ಕೂಡಲೇ ಹಾರ್ಮೋನುಗಳು ಧಡಕ್ಕನೆ ಇಳಿಯುತ್ತವೆ, ಮೇಲೆ ನಿದ್ದೆ ಇಲ್ಲ, ಮೈ ಇನ್ನೂ ಚೇತರಿಸಿಕೊಂಡಿಲ್ಲ. ಇದರಲ್ಲಿ ನಿಮ್ಮ ತಪ್ಪು ಎಲ್ಲಿದೆ ಹೇಳಿ?

ಈ ವಾರವೇ ವೈದ್ಯರ ಹತ್ತಿರ ಹೋಗಿ. ಹೆರಿಗೆ ಮಾಡಿಸಿದ ವೈದ್ಯರಾದರೂ ಸರಿ. 'ಎಡಿನ್‌ಬರೋ ಮಾಪಕ' ಅಂತ ಹತ್ತು ಪ್ರಶ್ನೆಗಳ ಒಂದು ಹಾಳೆ ಇದೆ, 1987ರಿಂದ ಬಳಕೆಯಲ್ಲಿದೆ, ಕಳೆದ ಏಳು ದಿನ ಹೇಗಿದ್ದಿರಿ ಎಂದು ಕೇಳುತ್ತದೆ. ಅದನ್ನು ಕೇಳಿ ತುಂಬಿಸಿ. ಥೈರಾಯ್ಡ್, ರಕ್ತಹೀನತೆ ಪರೀಕ್ಷೆಯನ್ನೂ ಮಾಡಿಸಿ, ಅವು ಏರುಪೇರಾದರೂ ಹೀಗೇ ಸುಸ್ತು, ಬೇಸರ ಬರುತ್ತದೆ. ಆಪ್ತಸಮಾಲೋಚನೆಯಿಂದಲೇ ಎಷ್ಟೋ ಜನ ಸುಧಾರಿಸುತ್ತಾರೆ. ಮಾತ್ರೆ ಬೇಕಾದರೂ ಹೆದರಬೇಡಿ. ಸರ್ಟ್ರಾಲಿನ್‌ನಂಥ ಔಷಧ ಎದೆಹಾಲಿಗೆ ಸೇರುವುದು ತೀರಾ ಕಡಿಮೆ, ಹಾಲು ಬಿಡಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಹೇಳಲು ಬಾಯಿ ಬರದಿದ್ದರೆ ನಿಮ್ಮ ಈ ಪತ್ರವನ್ನೇ ಗಂಡನ ಕೈಗೆ ಕೊಡಿ. ಅವರು ಇದನ್ನು ಓದುತ್ತಿದ್ದರೆ: ದಯವಿಟ್ಟು "ಮಗುವಿನ ಮುಖ ನೋಡಿ ಸಮಾಧಾನ ಮಾಡ್ಕೋ" ಎನ್ನಬೇಡಿ. ರಾತ್ರಿ ನಾಲ್ಕೈದು ಗಂಟೆ ಮಗುವಿನ ಜವಾಬ್ದಾರಿ ಪೂರ್ತಿ ನೀವು ತಗೊಳ್ಳಿ, ಹೆಂಡತಿ ಬೇರೆ ಕೋಣೆಯಲ್ಲಿ ಒಂದೇ ಸಮನೆ ಮಲಗಲಿ.

ಒಂದು ವಿಷಯದಲ್ಲಿ ಮಾತ್ರ ಒಂದು ದಿನವೂ ಕಾಯಬಾರದು. ಇಲ್ಲದ ದನಿ ಕೇಳಿಸುವುದು, ನಿದ್ದೆಯೇ ಬೇಡ ಎನ್ನುವಂತೆ ಓಡಾಡುವುದು, ಮಗುವಿನ ಬಗ್ಗೆ ವಿಚಿತ್ರ ನಂಬಿಕೆ, ಗೊಂದಲ ಕಂಡರೆ ಅದು ಬೇರೆಯದೇ ಕಾಯಿಲೆ. 1,000 ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ ಬರುತ್ತದೆ. ಅದಕ್ಕೆ ಆಗಿಂದಾಗಲೇ ಆಸ್ಪತ್ರೆ ಬೇಕು, ತಾಯಿ, ಮಗು ಇಬ್ಬರನ್ನೇ ಬಿಡಬಾರದು, ಜೊತೆಗೆ ಯಾರಾದರೂ ಇರಬೇಕು. ಸತ್ತುಹೋಗಬೇಕು ಅನ್ನಿಸಿದರೂ ಅಷ್ಟೇ, ತಕ್ಷಣ ಯಾರನ್ನಾದರೂ ಎಬ್ಬಿಸಿ.

ಪ್ರಶ್ನೆ: ನಾನು ನಾಲ್ಕು ತಿಂಗಳ ಗರ್ಭಿಣಿ. ಎರಡು ವರ್ಷದಿಂದ ಖಿನ್ನತೆಗೆ ಮಾತ್ರೆ ತಗೊಳ್ಳುತ್ತಿದ್ದೇನೆ. ಮಗುವಿಗೋಸ್ಕರ ನಿಲ್ಲಿಸು ಎಂದು ಅತ್ತೆ ಹೇಳುತ್ತಿದ್ದಾರೆ.

ಉತ್ತರ: ಅವರ ಕಾಳಜಿ ಅರ್ಥವಾಗುತ್ತದೆ, ಆದರೆ ನೀವಾಗಿ ನಿಲ್ಲಿಸಬೇಡಿ. ಒಮ್ಮೆಲೇ ಬಿಟ್ಟರೆ ಕಾಯಿಲೆ ಮರುಕಳಿಸಬಹುದು. ಊಟ, ನಿದ್ದೆ ಬಿಟ್ಟ ತಾಯಿಯ ಹೊಟ್ಟೆಯಲ್ಲಿರುವ ಮಗುವಿಗೂ ಅದು ಒಳ್ಳೆಯದಲ್ಲ. ಎಷ್ಟೋ ಮಾತ್ರೆಗಳನ್ನು ಮುಂದುವರಿಸಬಹುದು, ಕೆಲವನ್ನು ಬದಲಿಸಬೇಕಾಗುತ್ತದೆ. ಚೀಟಿಯಲ್ಲಿ ವಾಲ್‌ಪ್ರೊಯೇಟ್ ಅಂತ ಇದ್ದರೆ ಇವತ್ತೇ ವೈದ್ಯರಿಗೆ ಫೋನ್ ಮಾಡಿ. ಅದು ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುವ ಔಷಧ, ಆದರೆ ಅದನ್ನು ಬದಲಿಸುವುದೂ ಅವರನ್ನು ಕೇಳಿಯೇ ಆಗಬೇಕು. ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗಿ.