ಲ್ಯಾಬಿನಲ್ಲಿ ಮೂಳೆ ಬೆಳೆಸ್ತಾರಂತೆ, ಹೌದಾ?

ಪ್ರಶ್ನೆ: ಬೈಕ್ ಅಪಘಾತದಲ್ಲಿ ನನ್ನ ತಮ್ಮನ ಮೊಣಕಾಲಿನ ಕೆಳಗಿನ ಮೂಳೆ ಪುಡಿಯಾಗಿ, ನಡುವೆ ನಾಲ್ಕು ಸೆಂಟಿಮೀಟರ್ ತುಂಡೇ ಹೋಗಿದೆ. ಸೊಂಟದಿಂದ ಮೂಳೆ ತೆಗೆದು ಅಲ್ಲಿ ತುಂಬಬೇಕು ಅಂತ ಡಾಕ್ಟರ್ ಹೇಳುತ್ತಿದ್ದಾರೆ. ಆದರೆ ಈಗ ಲ್ಯಾಬಿನಲ್ಲೇ ಮೂಳೆ ಬೆಳೆಸುತ್ತಾರೆ ಅನ್ನುವ ವಿಡಿಯೊ ನೋಡಿದೆ. ಹಾಗಿದ್ದರೆ ಅವನ ಸೊಂಟ ಯಾಕೆ ಕೊಯ್ಯಬೇಕು?
– ಓದುಗರೊಬ್ಬರು, ಹಾವೇರಿ

ಉತ್ತರ: ವಿಡಿಯೊ ಸುಳ್ಳಲ್ಲ, ನಿಮ್ಮ ಡಾಕ್ಟರ್ ಹೇಳಿದ್ದೂ ತಪ್ಪಲ್ಲ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಮೂಳೆಯೊಳಗಿನ ಮಜ್ಜೆಯಲ್ಲಿ ಒಂದು ಜಾತಿಯ ಸ್ಟೆಮ್ ಸೆಲ್ ಇರುತ್ತವೆ. ಹೊಟ್ಟೆಯ ಕೊಬ್ಬಿನಲ್ಲೂ ಸಿಗುತ್ತವೆ. ಇವು ಮೂಳೆಯ ಕೋಶವೂ ಆಗಬಲ್ಲವು, ಮೃದ್ವಸ್ಥಿಯೂ ಆಗಬಲ್ಲವು, ಕೊಬ್ಬೂ ಆಗಬಲ್ಲವು. ಇವನ್ನು ತಟ್ಟೆಯಲ್ಲಿ ಹಾಕಿ ವಿಟಮಿನ್ ಸಿ, ಒಂದಿಷ್ಟು ಫಾಸ್ಫೇಟು, ಡೆಕ್ಸಾಮೆಥಸೋನ್ ಅನ್ನುವ ಸ್ಟೀರಾಯ್ಡು ಕೊಟ್ಟರೆ ಮೂರು ವಾರದ ಆಸುಪಾಸಿನಲ್ಲಿ ಸುತ್ತಲೂ ಸುಣ್ಣದ ಅಂಶ ಕೂಡಿಸತೊಡಗುತ್ತವೆ. ಇಷ್ಟನ್ನು ಎಷ್ಟೋ ಲ್ಯಾಬುಗಳಲ್ಲಿ ವಿದ್ಯಾರ್ಥಿಗಳೇ ಮಾಡುತ್ತಾರೆ. ಆದರೆ ಸಿಗುವುದು ತಟ್ಟೆಯ ತಳಕ್ಕೆ ಅಂಟಿದ ಒಂದು ಪೊರೆ, ಅಷ್ಟೇ. ಅದನ್ನು ಕಾಲಿಗೆ ಹಾಕಲಾಗುತ್ತದಾ?

ಆಕಾರ ಬರಬೇಕಾದರೆ ಹಾಗಲಬಳ್ಳಿಗೆ ಹಾಕುವ ಹಾಗೆ ಒಂದು ಹಂದರ ಬೇಕು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಗೋರ್ಡಾನಾ ವುನ್ಯಾಕ್-ನೊವಾಕೋವಿಚ್ ಅವರ ತಂಡ ಹಸುವಿನ ಮೂಳೆಯಿಂದ ಕೋಶಗಳನ್ನೆಲ್ಲ ತೊಳೆದು ತೆಗೆದು, ಉಳಿದ ಸ್ಪಂಜಿನಂಥ ಚೌಕಟ್ಟನ್ನು ದವಡೆಯ ಕೀಲಿನ ಆಕಾರಕ್ಕೆ ಕೆತ್ತಿ, ಅದರಲ್ಲಿ ಮನುಷ್ಯರ ಸ್ಟೆಮ್ ಸೆಲ್ ಬಿತ್ತಿತು. (ಹಸುವಿನ ಮೂಳೆ ಅಂದರೆ ಕೆಲವರಿಗೆ ಮುಜುಗರ ಆಗಬಹುದು, ಪಿಂಗಾಣಿಯಂಥ ಕ್ಯಾಲ್ಸಿಯಂ ಫಾಸ್ಫೇಟಿನ ಹಂದರಗಳೂ ಇವೆ.) ಐದು ವಾರ ಪೋಷಕ ದ್ರವವನ್ನು ಅದರ ಒಳಗೆಲ್ಲ ಹರಿಯುವಂತೆ ಪಂಪ್ ಮಾಡಿದರು. ಮೂಳೆ ಬಂತು. 2016ರಲ್ಲಿ ಇದೇ ತಂಡ ಹಂದಿಗಳಿಂದಲೇ ಕೊಬ್ಬು ತೆಗೆದು, ಅದರ ಕೋಶಗಳಿಂದ ಬೆಳೆಸಿದ ದವಡೆ ಮೂಳೆಯನ್ನು ಅದದೇ ಹಂದಿಗಳಿಗೆ ಕೂರಿಸಿತು. ಆರು ತಿಂಗಳ ನಂತರ ನೋಡಿದರೆ ಅಲ್ಲಿ ಹೊಸ ಮೂಳೆ ಬೆಳೆದಿತ್ತು.

ಮತ್ತೆ ತೊಂದರೆ ಎಲ್ಲಿದೆ? ರಕ್ತದಲ್ಲಿ. ಜೀವಕೋಶ ಹತ್ತಿರದ ರಕ್ತನಾಳದಿಂದ ಹೆಚ್ಚೆಂದರೆ 0.2 ಮಿಲಿಮೀಟರ್ ದೂರದಲ್ಲಿರಬಹುದು, ಅದಕ್ಕಿಂತ ಆಚೆ ಉಸಿರು ಕಟ್ಟುತ್ತದೆ. ಲ್ಯಾಬಿನಲ್ಲೇನೋ ಪಂಪ್ ಇದೆ. ಕಾಲಿನೊಳಗೆ ಹೊಲಿದ ಮೇಲೆ? ಹೊಸ ರಕ್ತನಾಳ ಒಳಗೆ ಬೆಳೆಯಲು ದಿನಗಳು, ವಾರಗಳೇ ಹಿಡಿಯುತ್ತವೆ. ಅಷ್ಟರಲ್ಲಿ ದಪ್ಪ ತುಂಡಿನ ನಡುಭಾಗ ಸತ್ತೇ ಹೋಗಿರುತ್ತದೆ.

ಇದಕ್ಕೆ ಜರ್ಮನಿಯ ಕೀಲ್ ಊರಿನ ವೈದ್ಯರು ಮಾಡಿದ ಉಪಾಯ ನನಗೆ ಬಹಳ ಇಷ್ಟ. 56 ವರ್ಷದ ಒಬ್ಬರಿಗೆ ಕ್ಯಾನ್ಸರ್ ಆಪರೇಷನ್‌ನಲ್ಲಿ ಕೆಳದವಡೆಯ ದೊಡ್ಡ ಭಾಗ ಹೋಗಿತ್ತು. ವೈದ್ಯರು ದವಡೆಯ ಆಕಾರದ ಟೈಟಾನಿಯಂ ಜಾಲರಿ ಮಾಡಿಸಿದರು. ಅದರೊಳಗೆ ಮೂಳೆಯ ಖನಿಜದ ತುಂಡುಗಳು, ರೋಗಿಯದೇ ಮಜ್ಜೆ, ಜೊತೆಗೆ ಮೂಳೆ ಬೆಳೆ ಅಂತ ಕೋಶಗಳಿಗೆ ಸೂಚನೆ ಕೊಡುವ ಬಿಎಂಪಿ ಅನ್ನುವ ಪ್ರೋಟೀನು ತುಂಬಿದರು. ಅದನ್ನು ದವಡೆಗೆ ಹಾಕಲಿಲ್ಲ, ಬೆನ್ನಿನ ಸ್ನಾಯುವಿನಲ್ಲಿ ಏಳು ವಾರ ಹುದುಗಿಸಿಟ್ಟರು! ರಕ್ತನಾಳ ಸಮೇತ ಬೆಳೆದ ಮೇಲೆ ಕಿತ್ತು ತಂದು ಮುಖಕ್ಕೆ ಜೋಡಿಸಿದರು. 2004ರಲ್ಲಿ ಪ್ಯಾಟ್ರಿಕ್ ವಾರ್ನ್ಕೆ ಮತ್ತು ಜೊತೆಯವರು ಇದನ್ನು ಪ್ರಕಟಿಸಿದಾಗ ಆ ಮನುಷ್ಯ ಒಂಬತ್ತು ವರ್ಷದಲ್ಲಿ ಮೊದಲ ಸಲ ಬ್ರೆಡ್ಡು, ಸಾಸೇಜು ತಿಂದಿದ್ದರು. ಆದರೆ ಕತೆ ಅಲ್ಲಿಗೇ ಮುಗಿಯಲಿಲ್ಲ. ಮುಂದೆ ಆ ಜಾಲರಿ ಮುರಿಯಿತು, ಒಂದೂಕಾಲು ವರ್ಷದ ನಂತರ ಅವರು ಹೃದಯ ನಿಂತು ತೀರಿಕೊಂಡರು. ಪತ್ರಿಕೆಗಳಲ್ಲಿ ಮೊದಲ ಭಾಗ ಮಾತ್ರ ಜಾಸ್ತಿ ಬಂತು.

ಈಗ ನಿಮ್ಮ ತಮ್ಮನ ವಿಷಯ. ಸೊಂಟದಿಂದ ತೆಗೆದ ಮೂಳೆಯಲ್ಲಿ ಜೀವಂತ ಕೋಶ, ಹಂದರ, ಬೆಳೆ ಅನ್ನುವ ಸೂಚನೆ ಮೂರೂ ಒಟ್ಟಿಗೇ ಇರುತ್ತವೆ. ಲ್ಯಾಬಿನವರು ಇಷ್ಟು ವರ್ಷದಿಂದ ಒದ್ದಾಡುತ್ತಿರುವುದು ಅದನ್ನೇ ನಕಲು ಮಾಡೋಕೆ. ಸೊಂಟದಲ್ಲಿ ಸ್ವಲ್ಪ ದಿನ ನೋವಿರುತ್ತದೆ, ಸಿಗುವ ಮೂಳೆಗೂ ಮಿತಿ ಇದೆ, ನಿಜ. ಅದು ಸಾಲದಿದ್ದರೆ ಇಲಿಜರೋವ್ ರಿಂಗ್ (ಕಾಲಿನ ಹೊರಗೆ ಕೂರಿಸುವ ಲೋಹದ ಬಳೆಗಳ ಚೌಕಟ್ಟು) ಬಗ್ಗೆ ಕೇಳಿ ನೋಡಿ. ಮೂಳೆಯನ್ನು ಬೇರೆ ಕಡೆ ಕತ್ತರಿಸಿ ದಿನಕ್ಕೆ ಒಂದು ಮಿಲಿಮೀಟರಿನಂತೆ ನಿಧಾನವಾಗಿ ಸರಿಸುತ್ತಾರೆ, ಹಿಂದೆ ಬಿಟ್ಟ ಜಾಗದಲ್ಲಿ ಹೊಸ ಮೂಳೆ ಬೆಳೆಯುತ್ತದೆ. ನಾಲ್ಕು ಸೆಂಟಿಮೀಟರಿಗೆ ಸರಿಸುವುದಕ್ಕೇ 40 ದಿನ, ಅದು ಗಟ್ಟಿಯಾಗಲು ಇನ್ನೂ ಕೆಲವು ತಿಂಗಳು. ಲ್ಯಾಬ್ ಬೇಡ, ತಾಳ್ಮೆ ಬೇಕು.

ಪ್ರಶ್ನೆ: ಅಮ್ಮನ ಮಂಡಿ ಸವೆತಕ್ಕೆ ಒಂದು ಕ್ಲಿನಿಕ್‌ನವರು ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡ್ತೀವಿ, ಒಂದೂವರೆ ಲಕ್ಷ ಆಗುತ್ತೆ ಅಂತಿದ್ದಾರೆ. ಕೊಡಿಸಲಾ?
– ಓದುಗರೊಬ್ಬರು, ತುಮಕೂರು

ಉತ್ತರ: ಸದ್ಯಕ್ಕೆ ಬೇಡ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಲ್ಲಿ, ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯಂಥವನ್ನು ಬಿಟ್ಟು ಉಳಿದ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಅನುಮತಿ ಪಡೆದ ಪ್ರಯೋಗದ ಹೊರಗೆ ಮಾಡಕೂಡದು ಅಂತ ಹೇಳಿತ್ತು. ಪ್ರಯೋಗ ಅಂದಮೇಲೆ ರೋಗಿಯಿಂದ ದುಡ್ಡು ಕೇಳುವ ಹಾಗಿಲ್ಲ. ಸಿಟಿಆರ್‌ಐ, ಅಂದರೆ ದೇಶದ ವೈದ್ಯಕೀಯ ಪ್ರಯೋಗಗಳ ದಾಖಲೆಪಟ್ಟಿಯ ನೋಂದಣಿ ಸಂಖ್ಯೆ ಕೊಡಿ ಅಂತ ಕೇಳಿ, ಅವರ ಮುಖ ನೋಡಿ. ಸೊಂಟದ ಕೀಲಿನ ಮೂಳೆ ರಕ್ತ ಸಿಗದೆ ಸಾಯುವ ಕಾಯಿಲೆಗೆ, ರೋಗಿಯ ಮಜ್ಜೆಯಿಂದಲೇ ಬೆಳೆಸಿದ ಮೂಳೆ ಕೋಶಗಳಿಗೆ ನಮ್ಮ ದೇಶದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿದ್ದು ಹೌದು. ಆದರೆ ಮಂಡಿ ಸವೆತ ಬೇರೆ, ಅದು ಬೇರೆ. ಮಂಡಿ ಸವೆತಕ್ಕೂ 2022ರಲ್ಲಿ ಒಂದು ಸ್ಟೆಮ್ ಸೆಲ್ ಔಷಧಿಗೆ ಒಪ್ಪಿಗೆ ಸಿಕ್ಕಿದೆ, ಕ್ಲಿನಿಕ್‌ನವರು ಕೊಡುವುದು ಅದೇನಾ ಅಂತ ಮೊದಲು ಕೇಳಿ.

ಪ್ರಶ್ನೆ: ಅಲುಗಾಡಿಸಿದರೆ ಮೂಳೆ ಬೆಳೆಯುತ್ತಂತೆ. ನಮ್ಮ ಜಿಮ್ಮಿನಲ್ಲಿ ನಡುಗುವ ಹಲಗೆ ಇದೆ, ದಿನಾ ನಿಲ್ಲಲಾ?
– ವಿದ್ಯಾರ್ಥಿ, ಧಾರವಾಡ

ಉತ್ತರ: ನೀವು ಕೇಳಿರುವುದು ಸ್ಕಾಟ್ಲೆಂಡಿನ ಗ್ಲಾಸ್ಗೋ ಕೆಲಸದ ಬಗ್ಗೆ ಇರಬೇಕು. ಅಲ್ಲಿ ಮ್ಯಾಥ್ಯೂ ಡಾಲ್ಬಿ ಮತ್ತು ಜೊತೆಯವರು ಸ್ಟೆಮ್ ಸೆಲ್‌ಗಳನ್ನು ಸೆಕೆಂಡಿಗೆ 1000 ಸಲ ಅಲುಗಿಸಿ, 2017ರಲ್ಲಿ ಸುಣ್ಣ ಕೂಡಿದ ಮೂಳೆಯಂಥ ಅಂಗಾಂಶ ಬೆಳೆಸಿ ತೋರಿಸಿದರು. ಮುಂದಿನ ಕೆಲಸಕ್ಕೆ ಬೆಂಬಲ ಕೊಟ್ಟದ್ದು ಫುಟ್‌ಬಾಲ್ ಆಟಗಾರ ಬಾಬಿ ಚಾರ್ಲ್‌ಟನ್ ಕಟ್ಟಿದ ಸಂಸ್ಥೆ. ನೆಲಬಾಂಬಿನಿಂದ ಕೈಕಾಲು ಛಿದ್ರವಾದವರಿಗೆ ಉಪಯೋಗ ಆಗಲಿ ಅಂತ. ಆದರೆ ಆ ಅಲುಗಾಟ ಎಷ್ಟು ಗೊತ್ತಾ? ಕೂದಲ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ, ಅದೂ ನೇರ ಕೋಶಗಳಿಗೆ. ನಿಮ್ಮ ಹಲಗೆಯ ನಡುಕಕ್ಕೂ ಅದಕ್ಕೂ ನೆಂಟಸ್ತನ ಇಲ್ಲ. ಸುಮ್ನೆ ಮೆಟ್ಟಿಲು ಹತ್ತಿ.